ಸಮುದ್ರದ ದಂಡೆಯಲ್ಲಿ ಎರಡು ರಾತ್ರಿ

(ವಾಕಡದ ನಮ್ಮ ಉಚಿತ ವಾಚನಾಲಯದ ರವಿವಾರದ ಸಭೆಯಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣ)



ಈ ಸಭೆಯಲ್ಲಿ ನಾಲ್ಕು ಮಾತನಾಡಬೇಕೆಂದು ನಮ್ಮ ಕಾರ್ಯದರ್ಶಿಗಳು ನನಗೆ ಅಪ್ಪಣೆ ಮಾಡಿದ್ದಾರೆ. ನಾನು ಸಾಹಿತಿಯಲ್ಲ, ಪಂಡಿತನೂ ಅಲ್ಲ. ಹಿಂಜವಡಿಯ ಒಂದು ಕಚೇರಿಯಲ್ಲಿ ಬಿಲ್ಲು ರಶೀದಿಗಳ ಲೆಕ್ಕ ಬರೆಯುತ್ತ ಇಪ್ಪತ್ತೆರಡು ವರ್ಷ ಕಳೆದ ಒಬ್ಬ ಗುಮಾಸ್ತ. ಇಂಥವನು ಏನು ಮಾತನಾಡಬೇಕು ಎಂದು ಕೇಳಿದಾಗ, “ನೀವು ಸಮುದ್ರದ ದಂಡೆಯ ದೊಡ್ಡ ರಿಸಾರ್ಟಿಗೆ ಹೋಗಿ ಬಂದಿರಂತಲ್ಲ, ಅದನ್ನೇ ಹೇಳಿರಿ” ಎಂದರು. ಎರಡು ರಾತ್ರಿ ನಾನು ಶ್ರೀಮಂತನಾಗಿದ್ದ ಕಥೆ ನಮ್ಮ ಓಣಿಯಲ್ಲಿ ಆಗಲೇ ಹಬ್ಬಿತ್ತೆಂದು ನನಗೆ ಆಗ ಗೊತ್ತಾಯಿತು. ಆದುದರಿಂದ ಮುಚ್ಚಿಡದೆ ಹೇಳಿಬಿಡುತ್ತೇನೆ.

ಹೋದದ್ದು ನನ್ನ ಹಣದಿಂದಲ್ಲ. ಹೋದ ವರ್ಷ ನಮ್ಮ ಕಚೇರಿಯ ವಾರ್ಷಿಕ ಸಮಾರಂಭದಲ್ಲಿ ಚೀಟಿ ಎತ್ತಿದರು. ನನ್ನ ಹೆಸರು ಬಂದಿತು. ಗೋಕರ್ಣದ ಹತ್ತಿರ ಒಂದು ರಿಸಾರ್ಟಿನಲ್ಲಿ ಇಬ್ಬರಿಗೆ ಎರಡು ರಾತ್ರಿ ವಾಸ, ಊಟ, ದಿನಕ್ಕೊಮ್ಮೆ ಎಣ್ಣೆಯ ಮಾಲೀಸು. ಮಗಳ ಪರೀಕ್ಷೆಯಿದ್ದ ಕಾರಣ ನನ್ನ ಮನೆಯವರು ಬರುವಂತಿರಲಿಲ್ಲ. “ಅತ್ತೆಯವರನ್ನು ಕರಕೊಂಡು ಹೋಗಿರಿ, ಅವರು ಇನ್ನೂ ಸಮುದ್ರ ನೋಡಿಲ್ಲ” ಎಂದು ಅವರೇ ಹೇಳಿದರು.

ಆ ಮಾತು ನನಗೆ ಚುಚ್ಚಿತು. ನಮ್ಮವ್ವ 1972ರ ಬರಗಾಲದಲ್ಲಿ ನಮ್ಮಪ್ಪನ ಜೊತೆಗೆ ವಿಜಾಪುರ ಜಿಲ್ಲೆಯ ಇಂಡಿ ತಾಲೂಕಿನಿಂದ ಈ ಕಡೆಗೆ ಬಂದವಳು. ಅಪ್ಪ ಗಾರೆ ಕಲಸಿದ, ಇಟ್ಟಂಗಿ ಹೊತ್ತ. ಅವ್ವ ತಲೆಯ ಮೇಲೆ ಸಿಂಬಿಯಿಟ್ಟು ಬುಟ್ಟಿ ಹೊತ್ತಳು. ಐವತ್ತು ವರ್ಷಗಳ ಮೇಲಾಯಿತು. ಮುಂಬಯಿ ಸಮುದ್ರ ಇಲ್ಲಿಂದ ಮೂರು ನಾಲ್ಕು ತಾಸಿನ ದಾರಿ. ಆದರೂ ಆಕೆ ಸಮುದ್ರ ನೋಡಿರಲಿಲ್ಲ. ಅಪ್ಪನಂತೂ ನೋಡದೆಯೇ ಹೋದ. ಅವರಿಗೆ ಕೆಲಸ ಸಿಗದ ದಿನಗಳಿದ್ದವು, ಆದರೆ ವಿಶ್ರಾಂತಿಯ ದಿನವೆಂಬುದು ಇರಲಿಲ್ಲ. ಕೆಲಸ ಸಿಗದ ದಿನ ಮನುಷ್ಯ ನಾಕಾದಲ್ಲಿ ಕುಳಿತು ಚಿಂತಿಸುತ್ತಾನೆ. ಅದನ್ನು ವಿಶ್ರಾಂತಿಯೆನ್ನಲಾಗದು.

ನನ್ನ ಸ್ಥಿತಿಯೂ ಹೇಳಿಕೊಳ್ಳುವಂಥದಲ್ಲ. ಮೂರು ದಿನದ ರಜೆ ಕೇಳಲು ಹೋದಾಗ ಅಲ್ಲಿಯ ಹುಡುಗಿ ಗಣಕಯಂತ್ರದಲ್ಲಿ ನೋಡಿ, “ಕಾಕಾ, ಹನ್ನೊಂದು ವರ್ಷದಿಂದ ನೀವು ಗಳಿಕೆಯ ರಜೆಯನ್ನು ಮುಟ್ಟಿಯೇ ಇಲ್ಲ, ಬಹಳಷ್ಟು ಲಯವಾಗಿ ಹೋಗಿದೆ” ಎಂದಳು. ನನಗೆ ನಾಚಿಕೆಯಾಯಿತು. ನನಗೆ ಬರಬೇಕಾದ ಒಂದು ರೂಪಾಯಿ ಕಡಿಮೆಯಾದರೆ ಮೂರು ಸಲ ಲೆಕ್ಕ ಕೂಡಿಸುವ ನಾನು, ದಿನಗಳ ಲೆಕ್ಕವನ್ನು ಒಮ್ಮೆಯೂ ನೋಡಿರಲಿಲ್ಲ.

ವಾಕಡದ ಹೆದ್ದಾರಿಯಲ್ಲಿ ರಾತ್ರಿ ಬಸ್ಸು ಹತ್ತಿದೆವು. ಕೊಲ್ಹಾಪುರ, ಬೆಳಗಾವಿ ದಾಟಿ ಬೆಳಿಗ್ಗೆ ಹುಬ್ಬಳ್ಳಿ. ಅಲ್ಲಿಂದ ಯಲ್ಲಾಪುರದ ಕಾಡು, ಅರಬೈಲ್ ಘಟ್ಟ ಇಳಿದು ಅಂಕೋಲೆ, ಮುಂದೆ ಗೋಕರ್ಣ. ಘಟ್ಟ ಇಳಿಯುವಾಗ ಅವ್ವ ಕಿಟಕಿಯಿಂದ ಮುಖ ತೆಗೆಯಲಿಲ್ಲ. “ಇಷ್ಟು ನೀರು ಇಲ್ಲೇ ಬೀಳತದ, ಅದಕ್ಕ ನಮ್ಮ ಕಡಿ ಬರೂದಿಲ್ಲ” ಎಂದಳು. ಭೂಗೋಲದ ಮಾಸ್ತರರು ಪಶ್ಚಿಮ ಘಟ್ಟದ ಮಳೆಯ ನೆರಳನ್ನು ನಮಗೆ ಕಲಿಸಲು ಒಂದು ವಾರ ತೆಗೆದುಕೊಂಡಿದ್ದರು.

ರಿಸಾರ್ಟಿನಲ್ಲಿ ತಣ್ಣನೆಯ ಬಟ್ಟೆ ಕೊಟ್ಟು, ಎಳನೀರು ಕೊಟ್ಟು ಬರಮಾಡಿಕೊಂಡರು. ಚಿರೆಕಲ್ಲಿನ ಗೋಡೆ, ಹಂಚಿನ ಮಾಡು, ಸುತ್ತ ತೆಂಗು, ಗೇರು. ಕೋಣೆಯೊಳಗೆ ಕಾಲಿಟ್ಟೊಡನೆ ಅವ್ವ ಮಂಚ ನೋಡಲಿಲ್ಲ, ಟೀವಿ ನೋಡಲಿಲ್ಲ. ಬಚ್ಚಲುಮನೆಯ ಗೋಡೆಯನ್ನು ಬೆರಳಿನಿಂದ ಬಡಿದು ನೋಡಿ, “ಗಿಲಾವು ಚೊಲೋ ಮಾಡ್ಯಾರ, ಪೊಳ್ಳಿಲ್ಲ” ಎಂದಳು. ಕಟ್ಟಿದ ಕೈಗಳನ್ನು ಮೊದಲು ನೆನೆದವಳು ಅಲ್ಲಿ ಬಹುಶಃ ಅವಳೊಬ್ಬಳೇ.

ಇನ್ನು ಆ ವೈಭೋಗದ ವಿಷಯ. ಅಲ್ಲಿ ಮಾಲೀಸಿನ ಮನೆಗೆ ‘ಸ್ಪಾ’ ಎನ್ನುತ್ತಾರೆ. ಬೆಲ್ಜಿಯಂ ದೇಶದಲ್ಲಿ ಸ್ಪಾ ಎಂಬ ಊರೇ ಇದೆ. ಅಲ್ಲಿಯ ಖನಿಜದ ಚಿಲುಮೆಗಳಲ್ಲಿ ಮಿಂದರೆ ರೋಗ ವಾಸಿಯಾಗುವುದೆಂದು ಯುರೋಪಿನ ಸಿರಿವಂತರು ಶತಮಾನಗಳಿಂದ ಹೋಗುತ್ತಿದ್ದರು. ಆ ಊರಿನ ಹೆಸರೇ ಕೊನೆಗೆ ಇಂಥ ಎಲ್ಲ ಸ್ಥಳಗಳ ಹೆಸರಾಯಿತು. ಸಮುದ್ರಸ್ನಾನದ ಹುಚ್ಚು ಅದಕ್ಕಿಂತ ಈಚಿನದು. 1750ರಲ್ಲಿ ಇಂಗ್ಲೆಂಡಿನ ರಿಚರ್ಡ್ ರಸೆಲ್ ಎಂಬ ವೈದ್ಯರು, ಸಮುದ್ರದ ನೀರು ಗ್ರಂಥಿಗಳ ರೋಗಕ್ಕೆ ಮದ್ದು ಎಂದು ಲ್ಯಾಟಿನ್ ಭಾಷೆಯಲ್ಲಿ ಒಂದು ಪುಸ್ತಕ ಬರೆದರು. ಬೆಸ್ತರ ಊರಾಗಿದ್ದ ಬ್ರೈಟನ್ನಿಗೆ ಶ್ರೀಮಂತರು ಧಾವಿಸಿದರು, ರಾಜಕುಮಾರನೂ ಬಂದನು. 1841ರಲ್ಲಿ ಲಂಡನ್ನಿನಿಂದ ಅಲ್ಲಿಗೆ ರೈಲು ಬಂದಿತು. ರೈಲಿನ ಬೆನ್ನಿಗೆ ಅಂಗಡಿಕಾರರೂ ಕೂಲಿಕಾರರೂ ಬಂದರು. ಕೆಲವು ವರ್ಷಗಳಲ್ಲಿ ರಾಜಮನೆತನ ಬ್ರೈಟನ್ನಿನ ಅರಮನೆಯನ್ನೇ ಮಾರಿಬಿಟ್ಟಿತು!

ನಮ್ಮ ದಂಡೆಗಳಲ್ಲಿ ಈ ವ್ಯವಹಾರ ಬೆಳೆದದ್ದು ಸುಮಾರು ಅರ್ಧ ಶತಮಾನದಿಂದ. 1970ರ ಆಸುಪಾಸಿನಲ್ಲಿ ಭಾರತ ಸರಕಾರದ ಪ್ರವಾಸೋದ್ಯಮ ನಿಗಮವೇ ಕೇರಳದ ಕೋವಳಂನಲ್ಲಿ ಚಾರ್ಲ್ಸ್ ಕೊರಿಯಾ ಅವರಿಂದ ನಕ್ಷೆ ಮಾಡಿಸಿ ಗುಡ್ಡದ ಇಳಿಜಾರಿನಲ್ಲಿ ಹೋಟೆಲು ಕಟ್ಟಿಸಿತು. ಗೋವೆಯಲ್ಲಿ ಒಂದರ ಹಿಂದೊಂದು ಎದ್ದವು. ಕನ್ನಡಿಗರು ತಲೆತಲಾಂತರದಿಂದ ಇರುವ ಕಾಸರಗೋಡಿನ ಸೀಮೆಯಲ್ಲಿ, ಕೆಳದಿಯ ನಾಯಕರ ಕೋಟೆಯಿರುವ ಬೇಕಲದಲ್ಲಿ, 1995ರಲ್ಲಿ ಕೇರಳ ಸರಕಾರ ರಿಸಾರ್ಟುಗಳಿಗಾಗಿಯೇ ಒಂದು ನಿಗಮ ಸ್ಥಾಪಿಸಿತು.

ಎಣ್ಣೆಯ ಸ್ನಾನ ಮಾತ್ರ ನಮಗೆ ಹೊಸದಲ್ಲ. ದೀಪಾವಳಿಯ ನೀರು ತುಂಬುವ ಹಬ್ಬದ ಮರುದಿನ ನಸುಕಿನಲ್ಲಿ ನಮ್ಮ ಅವ್ವಂದಿರು ಕುಸುಬಿ ಎಣ್ಣೆ ತಿಕ್ಕಿ, ಹಂಡೆಯ ಸುಡುನೀರು ಸುರಿದು, ನಾವು ಅಳುವವರೆಗೆ ಬಿಡುತ್ತಿರಲಿಲ್ಲ. ಅದೇ ಎಣ್ಣೆ, ಅದೇ ಬಿಸಿನೀರು, ಒಂದು ತಾಸಿಗೆ ಅಲ್ಲಿ ಮೂರೂವರೆ ಸಾವಿರ ರೂಪಾಯಿ. ಹಾಗೆಂದು ಆ ಸುಖವೇ ಸುಳ್ಳು ಎಂದು ನಾನು ಹೇಳಲಾರೆ. ಕುರ್ಚಿಯಲ್ಲಿ ಕುಳಿತು ಕುಳಿತು ಹಿಡಿದಿದ್ದ ನನ್ನ ಬೆನ್ನು ಸಡಿಲಾಯಿತು. ಆ ರಾತ್ರಿ ತೆರೆಗಳ ಸಪ್ಪಳ ಕೇಳುತ್ತ ಹತ್ತು ತಾಸು ನಿದ್ದೆ ಮಾಡಿದೆ. ಮಗುವಾಗಿದ್ದಾಗ ಹಾಗೆ ಮಲಗಿದ್ದೆನೋ ಏನೋ!

ಅವ್ವನಿಗೆ ಮಾಲೀಸು ಮಾಡಿದವಳು ಮಣಿಪುರದ ಒಂದು ಹುಡುಗಿ. ಕಾಲು ಮುಟ್ಟಲು ಬಂದಾಗ ಅವ್ವ ಕಾಲು ಹಿಂದಕ್ಕೆಳೆದುಕೊಂಡಳಂತೆ. ಆಮೇಲೆ ಒಪ್ಪಿಕೊಂಡು, ಕಟ್ಟಡದ ಕೆಲಸದಲ್ಲಿ ಕಲಿತ ತನ್ನ ಹರಕು ಹಿಂದಿಯಲ್ಲಿ ಸಂಸಾರದ ಸಮಾಚಾರವನ್ನೆಲ್ಲ ಕೇಳಿದಳಂತೆ. ಆ ಹುಡುಗಿ ದಿನಕ್ಕೆ ಐದಾರು ಮಂದಿಯ ಮೈ ತಿಕ್ಕುತ್ತಾಳೆ. ಊರಿಗೆ ಹೋಗಿ ಹದಿನಾಲ್ಕು ತಿಂಗಳಾಗಿದೆ. ಸಂಜೆಗೆ ಅವಳ ಹೆಬ್ಬೆರಳಿನ ಗೆಣ್ಣು ಬಾತುಕೊಳ್ಳುತ್ತದೆ. ಹೊರಗೆ ಬಂದ ಅವ್ವ ಬಹಳ ಹೊತ್ತು ಸುಮ್ಮನಿದ್ದು ನನ್ನನ್ನು ಕೇಳಿದಳು: “ಈಕಿಗಿ ಯಾರು ಎಣ್ಣಿ ಹಚ್ಚತಾರೋ ತಮ್ಮಾ?”

ನನ್ನ ಬಳಿ ಉತ್ತರವಿರಲಿಲ್ಲ. ಮರುದಿನ ಅವ್ವ ತನ್ನ ಪಾಳಿ ಬಂದಾಗ ಒಳಗೆ ಹೋಗಿ, ಬಾಗಿಲು ಮುಂದೆ ಮಾಡಿ, ಆ ಹುಡುಗಿಯನ್ನು ಕೂಡ್ರಿಸಿ ಅವಳ ಎರಡೂ ಅಂಗೈಗಳನ್ನು ಒಂದು ತಾಸು ತಿಕ್ಕಿದಳು. ಮೇಲಿನವರು ನೋಡಿದರೆ ಬೈಯುತ್ತಾರೆಂದು ಹುಡುಗಿ ಮೊದಲು ಹೆದರಿದಳಂತೆ. ಮೂರೂವರೆ ಸಾವಿರದ ಆ ಸೇವೆ ಹೀಗೆ ಸಂದಾಯವಾಯಿತು. ಬಂಧುಗಳೇ, ನಾನು ಅಲ್ಲಿ ಕಂಡದ್ದರಲ್ಲಿ ನನಗೆ ಮರೆಯಲಾಗದ್ದು ಇದು.

ಎರಡನೆಯ ಸಂಗತಿ ನಡೆದದ್ದು ಹೊರಡುವ ದಿನ ಬೆಳಿಗ್ಗೆ. ನಸುಕಿನಲ್ಲೆದ್ದು ನಾವಿಬ್ಬರೂ ಉಸುಕಿನ ಮೇಲೆ ಬಹುದೂರ ನಡೆದು, ಬೆಸ್ತರು ಬಲೆಯಿಂದ ಮೀನು ಬಿಡಿಸುವುದನ್ನು ನೋಡಿ ಮರಳಿ ಬರುತ್ತಿದ್ದೆವು. ಅವ್ವ ಇಳಕಲ್ ಸೀರೆಯನ್ನು ಮೊಣಕಾಲವರೆಗೆ ಎತ್ತಿ ಕಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದಿದ್ದಳು. ರಿಸಾರ್ಟಿನ ಮುಂದೆ ಉಸುಕಿನಲ್ಲಿ ಗೂಟ ನೆಟ್ಟು ಹಗ್ಗ ಕಟ್ಟಿದ್ದರು. ಕಾವಲುಗಾರ ಕೈ ಅಡ್ಡ ಮಾಡಿ, “ಇದು ಖಾಸಗಿ ದಂಡೆ, ಈ ಕಡೆ ಬರಬಾರದು” ಎಂದ. ನಾನು ಕಿಸೆಯಿಂದ ಕೋಣೆಯ ಕಾರ್ಡು ತೆಗೆದು ತೋರಿಸಿದೆ. “ತಪ್ಪಾಯ್ತು ಸಾರ್” ಎಂದು ಅವನು ಹಗ್ಗ ಎತ್ತಿ ಹಿಡಿದ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಹೆಮ್ಮೆಯಾಯಿತು. ಅವ್ವ ಹಗ್ಗದ ಆಚೆಯೇ ನಿಂತು ಕೇಳಿದಳು: “ಆ ಕಾರ್ಡು ಇರಲಿಲ್ಲಂದ್ರ ನಾವು ಸಮುದ್ರದ ದಂಡಿಗಿ ಬರೂಹಾಂಗಿಲ್ಲೇನು?” ಹೆಮ್ಮೆ ಅಲ್ಲಿಗೇ ಇಳಿಯಿತು.

ಊರಿಗೆ ಬಂದ ಮೇಲೆ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಓದಿ ವಿಚಾರಿಸಿ ತಿಳಿದುಕೊಂಡುದನ್ನು ತಮ್ಮ ಮುಂದಿಡುತ್ತೇನೆ. ಕ್ರಿ.ಶ. 533ರಲ್ಲಿ ರೋಮಿನ ಚಕ್ರವರ್ತಿ ಜಸ್ಟಿನಿಯನ್ ಮಾಡಿಸಿದ ಧರ್ಮಸಂಹಿತೆಯಲ್ಲಿ ಗಾಳಿ, ಹರಿಯುವ ನೀರು, ಸಮುದ್ರ, ಸಮುದ್ರದ ದಂಡೆ ಇವು ಎಲ್ಲರಿಗೂ ಸಮಾನವೆಂದು ಹೇಳಿದೆ. ನಮ್ಮ ಸರ್ವೋಚ್ಚ ನ್ಯಾಯಾಲಯವೂ 1996ರಿಂದ ಈಚೆಗೆ, ಇಂಥ ಸಂಪತ್ತಿಗೆ ಸರಕಾರ ಕೇವಲ ವಿಶ್ವಸ್ತನೇ ಹೊರತು ಒಡೆಯನಲ್ಲವೆಂಬ ತತ್ವವನ್ನು ಒಪ್ಪಿಕೊಂಡಿದೆ. ಭರತದ ನೀರು ಏರಿ ನಿಲ್ಲುವ ಗೆರೆಯಿಂದ ಕೆಳಗಿನ ಉಸುಕು ಯಾವ ಹೋಟೆಲಿನ ಅಂಗಳವೂ ಅಲ್ಲ. 1991ರ ಫೆಬ್ರುವರಿಯಲ್ಲಿ ಬಂದ ಕರಾವಳಿ ನಿಯಂತ್ರಣದ ಅಧಿಸೂಚನೆಯಲ್ಲಿಯೇ, ಜನರು ದಂಡೆಗೆ ಹೋಗಲು ಎರಡು ಹೋಟೆಲುಗಳ ನಡುವೆ ಕನಿಷ್ಠ 20 ಮೀಟರು ಅಗಲದ ಜಾಗ ಬಿಡಬೇಕೆಂದು ಬರೆದಿತ್ತು.

ಗೋವೆಯಲ್ಲಿ, ದೋನಾ ಪಾವ್ಲಾದ ಹತ್ತಿರ ವಾಯಿಂಗಿಣಿಯ ದಂಡೆಗೆ ಹೋಗುವ ಹಳೆಯ ಕಾಲುದಾರಿಗೆ ಒಂದು ದೊಡ್ಡ ಹೋಟೆಲಿನ ಕಟ್ಟಡ ಅಡ್ಡ ಬಂದಾಗ ಊರಿನವರು ಸುಮ್ಮನಿರಲಿಲ್ಲ. ಮೊಕದ್ದಮೆ ವರ್ಷಗಟ್ಟಲೆ ನಡೆಯಿತು. 2009ರ ಜನವರಿ 20ರಂದು ಸರ್ವೋಚ್ಚ ನ್ಯಾಯಾಲಯ ಜನರ ದಾರಿಯ ಹಕ್ಕನ್ನು ಎತ್ತಿಹಿಡಿಯಿತು. ಆಗ ನನಗೆ ಇನ್ನೊಂದು ನೆನಪಾಯಿತು. ನಾವು ಬಸ್ಸಿಳಿದ ಅದೇ ಅಂಕೋಲೆಯಲ್ಲಿ 1930ರ ಏಪ್ರಿಲ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಜನರು ಸಮುದ್ರದ ನೀರಿನಿಂದ ಉಪ್ಪು ಮಾಡಿ ಕಾನೂನು ಮುರಿದರು. ಸಮುದ್ರ ಕೊಟ್ಟ ಉಪ್ಪಿಗೆ ಸರಕಾರ ಕರ ಹಾಕಬಾರದೆಂದು ಜೈಲಿಗೆ ಹೋದವರ ನೆಲ ಅದು. ನಮ್ಮವ್ವನಿಗೆ ಶಾಲೆಯ ವಿದ್ಯೆಯಿಲ್ಲ. ಆದರೂ ಹಗ್ಗದ ಆಚೆ ನಿಂತು ಅವಳು ಕೇಳಿದ ಪ್ರಶ್ನೆ ಆ ಸತ್ಯಾಗ್ರಹಿಗಳ ಪ್ರಶ್ನೆಯ ಸಂಬಂಧಿಯೇ.

ಹಾಗಾದರೆ ದಂಡೆ ನಮ್ಮದು, ಗಾಳಿ ನಮ್ಮದು, ಎಣ್ಣೆಯ ವಿದ್ಯೆ ನಮ್ಮ ಮನೆಯದು. ರಿಸಾರ್ಟಿನವರು ಮಾರುವ ಸಾಮಾನಿನಲ್ಲಿ ನಮ್ಮ ಬಳಿ ಇಲ್ಲದ್ದು ಯಾವುದು? ಬಿಡುವು. ಅದನ್ನು ಕೊಳ್ಳಲು ಶ್ರೀಮಂತರು ಅಲ್ಲಿಗೆ ಹೋಗುತ್ತಾರೆ. ನಾವೋ ಕಾನೂನು ಪುಕ್ಕಟೆ ಕೊಟ್ಟ ಬಿಡುವನ್ನೂ ಬಿಟ್ಟುಬಿಡುತ್ತೇವೆ.

ಪಗಾರ ಸಹಿತ ರಜೆ ಯಾರ ಔದಾರ್ಯದಿಂದಲೂ ಬಂದದ್ದಲ್ಲ. 1936ರ ಜೂನಿನಲ್ಲಿ ಫ್ರಾನ್ಸ್ ದೇಶದ ಕಾರ್ಮಿಕರು ಕಾರ್ಖಾನೆಗಳೊಳಗೇ ಕುಳಿತು ಮುಷ್ಕರ ಹೂಡಿದರು. ವರ್ಷಕ್ಕೆ ಎರಡು ವಾರ ಪಗಾರಿ ರಜೆಯ ಕಾನೂನಾಯಿತು. ಅಲ್ಲಿಯ ಸರಕಾರ ಕಾರ್ಮಿಕರಿಗೆ ರೈಲಿನ ದರವನ್ನೂ ಇಳಿಸಿತು. ಆ ಬೇಸಿಗೆಯಲ್ಲಿ ಎಷ್ಟೋ ಕುಟುಂಬಗಳು ಜನ್ಮದಲ್ಲಿ ಮೊದಲ ಸಲ ಸಮುದ್ರ ನೋಡಿದವು. ನಮ್ಮ ದೇಶದಲ್ಲಿ 1948ರ ಕಾರ್ಖಾನೆಗಳ ಕಾಯಿದೆ, ವರ್ಷದಲ್ಲಿ 240 ದಿನ ದುಡಿದವನಿಗೆ ಪ್ರತಿ 20 ದಿನಕ್ಕೆ 1 ದಿನದಂತೆ ಪಗಾರಿ ರಜೆ ಕೊಟ್ಟಿತು. ಕೇಂದ್ರ ಸರಕಾರದ ನೌಕರರಿಗೆ 1956ರಿಂದ ಪ್ರವಾಸದ ರಿಯಾಯಿತಿ ಬಂದಿತು. ಕಾರ್ಖಾನೆಗಳ ಕಾಯಿದೆಯ ಜಾಗಕ್ಕೆ ಈಗ 2020ರ ಹೊಸ ಸಂಹಿತೆ ಬಂದಿದೆ. ಅದು 2025ರ ನವೆಂಬರ 21ರಂದು ಜಾರಿಯಾಯಿತು. ಇದರಲ್ಲಿ 240 ದಿನದ ಬದಲು 180 ದಿನ ದುಡಿದರೆ ಸಾಕು. ಲೆಕ್ಕ ಮೊದಲಿನದೇ, 20ಕ್ಕೆ 1. ಮುನ್ನೂರು ದಿನ ದುಡಿದವನಿಗೆ ಹದಿನೈದು ದಿನ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಗೆ ಒಳಪಟ್ಟ ಕಡೆಗಳಲ್ಲಿ ದುಡಿಯುವವರಿಗೆ ಇಂಥ ರಜೆಯಲ್ಲದೆ ವರ್ಷಕ್ಕೆ 8 ದಿನ ಸಾಂದರ್ಭಿಕ ರಜೆಯೂ ಉಂಟು.

ಇಲ್ಲಿ ಒಂದು ಮಾತನ್ನು ಲಕ್ಷ್ಯದಲ್ಲಿಡಬೇಕು. ರಜೆಯನ್ನು ಬಾಯಲ್ಲಿ ಕೇಳಬೇಡಿರಿ. ಅರ್ಜಿ ಬರೆದು ಕೊಟ್ಟು ಅದರ ಪ್ರತಿ ಇಟ್ಟುಕೊಳ್ಳಿರಿ. ಕೇಳದೆ ಉಳಿದ ರಜೆಯನ್ನು ಮುಂದಿನ ವರ್ಷಕ್ಕೆ ಒಯ್ಯಲು ಸಂಹಿತೆಯಲ್ಲಿ 30 ದಿನದ ಮಿತಿಯಿದೆ. ಅರ್ಜಿ ಕೊಟ್ಟೂ ಮಾಲೀಕರು ನಿರಾಕರಿಸಿದ ರಜೆಗೆ ಆ ಮಿತಿಯಿಲ್ಲ. ಈ ಭೇದ ತಿಳಿಯದೆ ನಾನು ಕಳೆದುಕೊಂಡ ದಿನಗಳು ಮರಳಿ ಬರಲಾರವು. ತಮ್ಮವು ಹಾಗೆ ಹೋಗಬಾರದು.

ದಿನಗೂಲಿಯ ನಮ್ಮ ಬಂಧುಗಳು ಈಗ ಮನಸ್ಸಿನಲ್ಲೇ ನಗುತ್ತಿರಬಹುದು. ನಾಕಾದಲ್ಲಿ ನಿಂತು ಇಂದು ಒಬ್ಬನ ಬಳಿ, ನಾಳೆ ಇನ್ನೊಬ್ಬನ ಬಳಿ ದುಡಿಯುವವನು ಯಾರಿಗೆ ಅರ್ಜಿ ಬರೆಯಬೇಕು? ಒಂದೇ ಗುತ್ತೇದಾರನ ಬಳಿ ವರ್ಷವಿಡೀ ದುಡಿಯುವವರು ಹಾಜರಿ ಚೀಟಿ ಜೋಪಾನ ಮಾಡಿ ಕೇಳಬಹುದು. ನಾಕಾದವರಿಗೆ ಈ ಕಾನೂನು ಕೈಗೆಟುಕುವುದಿಲ್ಲ, ಇದು ಇದ್ದ ಮಾತು. ನಮ್ಮಪ್ಪನಿಗೂ ಎಟುಕಲಿಲ್ಲ. ಆದುದರಿಂದ ಕಾನೂನು ತಲುಪದಲ್ಲಿ ಸಂಘ ತಲುಪಬೇಕೆಂಬುದು ನನ್ನ ಅಭಿಪ್ರಾಯ.

ಕಾರ್ಯಕಾರಿ ಮಂಡಳಿಯವರಿಗೆ ನನ್ನ ಸೂಚನೆ ಎರಡೇ. ಮೊದಲನೆಯದು, ರಜೆಯ ನಿಯಮಗಳನ್ನು ಸರಳ ಕನ್ನಡದಲ್ಲಿ ಬರೆದು ವಾಚನಾಲಯದ ಗೋಡೆಗೆ ಹಚ್ಚಬೇಕು. ಅರ್ಜಿಯ ಮಾದರಿಯನ್ನು ಮೇಜಿನ ಮೇಲಿಡಬೇಕು. ಬರೆಯಲು ಬಾರದವರಿಗೆ ಪ್ರತಿ ರವಿವಾರ ಸಂಜೆ ನಾನು ಕುಳಿತು ಬರೆದುಕೊಡುತ್ತೇನೆ. ಎರಡನೆಯದು, ಒಂದು ಪ್ರವಾಸ ನಿಧಿಯನ್ನು ತೆರೆಯಬೇಕು. ಪಗಾರದವರು ತಿಂಗಳಿಗೆ 150 ರೂಪಾಯಿ ಹಾಕಿದರೆ ವರ್ಷಕ್ಕೆ 1,800 ಆಗುತ್ತದೆ. ದಿನಗೂಲಿಯವರು ಅರ್ಧ ಹಾಕಲಿ. ಉಳಿದರ್ಧವನ್ನು ನಾವು ತುಂಬೋಣ. ಬರುವ ಫೆಬ್ರುವರಿಯಲ್ಲಿ ಒಂದು ಬಸ್ಸು ಮಾಡಿ ಗೋಕರ್ಣಕ್ಕೆ ಹೋಗೋಣ. ಮಹಾಬಲೇಶ್ವರನ ದರ್ಶನವಾಗಲಿ, ಸಾಣಿಕಟ್ಟೆಯ ಉಪ್ಪಿನ ಗದ್ದೆಗಳನ್ನು ಮಕ್ಕಳು ನೋಡಲಿ. ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡರೆ ಊಟದ ಖರ್ಚು ಹಗುರ. ಮಳೆಗಾಲದಲ್ಲಿ ಮಾತ್ರ ಬೇಡ. ಆಗ ಆ ಸಮುದ್ರ ಈಜು ಬಲ್ಲವನನ್ನೂ ಎಳೆದೊಯ್ಯುತ್ತದೆ. ಬೇರೆ ಕಾಲದಲ್ಲೂ ಸ್ಥಳೀಯರು ಇಳಿಯಬೇಡಿರೆಂದ ಕಡೆ ಇಳಿಯಬಾರದು.

ಹೊರಡುವ ಮುನ್ನ ಅವ್ವ ಮಾಡಿದ್ದನ್ನು ಹೇಳಿ ಕುಳಿತುಕೊಳ್ಳುತ್ತೇನೆ. ಆಕೆ ಒಂದು ಚಿಕ್ಕ ಬಾಟಲಿಯಲ್ಲಿ ಸಮುದ್ರದ ನೀರು ತುಂಬಿಕೊಂಡಳು. ಏಕೆಂದು ನಾನು ಕೇಳಲಿಲ್ಲ. ವಾಕಡಕ್ಕೆ ಬಂದು ಸ್ನಾನ ಮಾಡಿ, ಅಪ್ಪನ ಫೋಟೋದ ಮುಂದೆ ಅದನ್ನಿಟ್ಟಳು. ಅದು ಇನ್ನೂ ಅಲ್ಲಿಯೇ ಇದೆ. ದಿನಾಲು ಕಚೇರಿಗೆ ಹೊರಡುವಾಗ ನನ್ನ ಕಣ್ಣಿಗೆ ಬೀಳುತ್ತದೆ. ನಮ್ಮಲ್ಲಿ ಯಾರ ತಂದೆತಾಯಿಗಳಿಗೂ ಸಮುದ್ರವನ್ನು ಬಾಟಲಿಯಲ್ಲಿ ತೋರಿಸುವ ಕಾಲ ಬಾರದಿರಲಿ. ಅವರು ಇರುವಾಗಲೇ ಕರೆದೊಯ್ಯೋಣ.